ದೇವರಮನೆಯಲ್ಲಿ ಹವಾಯಿ ಚಪ್ಪಲಿ

ಸ್ನೇಹಿತರೇ, ಇವತ್ತು ಸಂಜೆ ನಮ್ಮ ದೇವರಮನೆಯಲ್ಲಿ ಚಪ್ಪಲಿ ಸಿಕ್ಕಿತು. ತಂದವನು ನಾನೇ.

ನನ್ನ ಪ್ಲಾಸ್ಟಿಕ್ ಆಟಿಕೆ ಕ್ಯಾಮೆರಾಗೆ ಅಗಲವಾದ ಫಿಲ್ಮ್ ಬೇಕು, ತುಮಕೂರಿನಲ್ಲಿ ಅದು ಸಿಗುವುದಿಲ್ಲ. ಮಾಮೂಲಿ ಸಣ್ಣ ರೋಲನ್ನೇ ಕೂರಿಸಿ, ಅಲ್ಲಾಡದಂತೆ ಮೇಲೆ ಕೆಳಗೆ ಹವಾಯಿ ಚಪ್ಪಲಿಯ ತುಂಡು ತುರುಕಿದ್ದೆ. ಫೋಟೋ ತೆಗೆದದ್ದಾಯಿತು. ಆದರೆ ಈ ಕ್ಯಾಮೆರಾದಲ್ಲಿ ರೋಲನ್ನು ಹಿಂದಕ್ಕೆ ಸುತ್ತಲಾಗುವುದಿಲ್ಲ. ಪೂರ್ತಿ ಕತ್ತಲಲ್ಲಿ ಬಿಚ್ಚಿ ಕೈಯಲ್ಲೇ ಸುತ್ತಬೇಕು. ಸದಾಶಿವನಗರದ ನಮ್ಮ ಮನೆಯಲ್ಲಿ ಕಿಟಕಿಯಿಲ್ಲದಿರುವುದು ದೇವರಮನೆಗೆ ಮಾತ್ರ. ಬಾಗಿಲು ಹಾಕಿಕೊಂಡು ಕೂತೆ.

ಅರ್ಧ ಸುತ್ತಿದ್ದೆ, ಅಮ್ಮ ದೀಪ ಹಚ್ಚಲು ಬಂದು ಲೈಟ್ ಹಾಕಿದರು. ಫಿಲ್ಮ್ ಕಥೆ ಅಲ್ಲಿಗೆ ಮುಗಿಯಿತು. ಅವರ ಕಣ್ಣು ಮಾತ್ರ ನೆಲದ ಮೇಲಿದ್ದ ನೀಲಿ ರಬ್ಬರ್ ತುಂಡಿನ ಮೇಲೆ.

"ಇದು ನನ್ನ ಬಚ್ಚಲ ಚಪ್ಪಲಿ ಅಲ್ವೇನೋ?"

"ಹೂಂ ಕಣಮ್ಮ. ಹಳೇದು."

"ದೇವ್ರ ಮುಂದೆ ತಂದಿಟ್ಟಿದೀಯಲ್ಲೋ."

ನೆಲ ಒರೆಸಿದ್ದು ನಾನು. ಕ್ಯಾಮೆರಾ ಚಪ್ಪಲಿ ಸ್ಟ್ಯಾಂಡಿಗೆ ಹೋಯಿತು. ದೀಪ ಹಚ್ಚಿ ಹೊರಬಂದ ಅಮ್ಮ ಕೇಳಿದರು: "ನಾನು ರೇಷ್ಮೆ ಸೀರೆ ಉಟ್ಕೊಂಡು ನಿಂತಿದ್ನಲ್ಲ, ಆ ಫೋಟೋ?"

"ಲೈಟ್ ಬಿತ್ತಲ್ಲಮ್ಮ, ಹೋಯ್ತು."

"ಇನ್ನೊಂದು ರೋಲ್ ಹಾಕು. ಈ ಸಲ ನಿನ್ನ ಚಪ್ಪಲಿ ಕತ್ತರಿಸ್ಕೋ."

ನನ್ನವು ಚರ್ಮದವು. ಅದನ್ನಿನ್ನೂ ಹೇಳಿಲ್ಲ.