ನಾನು ಬಾಯಿಪಾಠ ಮಾಡಿಸಿದ ಪ್ರಬಂಧ

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ. ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಕ್ಕಳಿಗೆ ಇಂಗ್ಲಿಷ್ ಬರುವುದಕ್ಕಿಂತ, ನನಗೆ ಎಷ್ಟು ಬರುತ್ತದೆ ಎಂದು ಊರಿಗೆ ಗೊತ್ತಾಗುವುದೇ ಮುಖ್ಯವಾಗಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಲ್ಲಿ ಇಂಗ್ಲಿಷ್ ಎಂದರೆ ಉರು ಹೊಡೆಯುವುದು. ಮೇಷ್ಟರು ಬೋರ್ಡಿನ ಮೇಲೆ ಪ್ರಬಂಧ ಬರೆಯಬೇಕು, ಮಕ್ಕಳು ಅದನ್ನು ಇಳಿಸಿಕೊಂಡು ಒಂದಕ್ಷರ ಬಿಡದೆ ಬಾಯಿಪಾಠ ಒಪ್ಪಿಸಬೇಕು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ನಾನೂ ಹಾಗೇ ಮಾಡಿಸುತ್ತಿದ್ದೆ. 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಡಿಕ್ಷನರಿ ಬಿಚ್ಚಿಕೊಂಡು ಕೂತೆ. ಜಾಲಿ ಗಿಡ ಬಿಟ್ಟು ಬೇರೇನೂ ಕಾಣದ ಊರನ್ನು ಚಿತ್ರದಂತೆ ಚೆಂದ ಎನ್ನಲು 'ಪಿಕ್ಚರೆಸ್ಕ್' ಎಂಬ ಪದ ಹುಡುಕಿ ತಂದೆ. ಎರಡು ಪುಟದಲ್ಲಿ ಅಂಥವೇ ಪದಗಳು. ಹೆಡ್‌ಮಾಸ್ಟರು ಓದಿ ತಲೆದೂಗಿದರು, ನಾನು ಉಬ್ಬಿಹೋದೆ.

ಕುರಿ ಕಾಯುವವರ ಮನೆಯ ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಎರಡು ಸಲ ನಪಾಸಾಗಿದ್ದಳು. ಮೂರನೆಯ ಸಲ ಕಟ್ಟಿದಾಗ ಪಾಠಕ್ಕೆ ನನ್ನ ಹತ್ತಿರ ಬಂದಳು. ಪಾಸಾದರೆ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಗುವಂತಿತ್ತು. ಅವಳ ಅಣ್ಣ ಮಾತ್ರ ನನ್ನೆದುರಿಗೇ ಹೇಳಿದ್ದ: "ಇದೊಂದ್ಸಲ ನೋಡ್ತೀನಿ ಸಾರ್. ಆಗ್ಲಿಲ್ಲ ಅಂದ್ರೆ ಗಂಡು ಗೊತ್ತಾಗೈತೆ."

ಪಾಪ, ಹಟ ಹಿಡಿದು ಕಲಿತಳು. ಎರಡೂ ಪುಟವನ್ನು ಉಸಿರು ಬಿಡದೆ ಒಪ್ಪಿಸಿದಾಗ ಭೇಷ್ ಎಂದೆ. ಅದರ ಅರ್ಥ ಗೊತ್ತೇ ಎಂದು ಒಂದು ದಿನವೂ ಕೇಳಲಿಲ್ಲ.

ಮತ್ತೆ ನಪಾಸಾದಳು. ಅಂಕಪಟ್ಟಿ ತೆಗೆದುಕೊಳ್ಳಲು ಶಾಲೆಗೆ ಬಂದಾಗ, ಆ ಪ್ರಬಂಧ ಕೇಳಿರಲಿಲ್ಲವೇ ಎಂದೆ.

"ಅದೇ ಬಂದಿತ್ತು ಸಾರ್. ಎರಡ್ನೇ ಪುಟ್ದಲ್ಲಿ ಒಂದ್ ಪದ ಮರ್ತೋತು. ಎಲ್ಲಾ ಹೊಡ್ದಾಕಿ ಮತ್ತೆ ಮೊದ್ಲಿಂದ ಬರ್ದೆ, ಅಲ್ಲೇ ನಿಲ್ತು. ಮೂರ್ ಸಲ ಬರ್ದೆ. ಅಷ್ಟ್ರಲ್ಲಿ ಬೆಲ್ ಹೊಡುದ್ರು."

ನಾನು ಒಂದು ಹಾಳೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಐದು ಸಾಲು ಬರೆದೆ. ನಮ್ಮ ಊರು ಚಿಕ್ಕದು. ನಮ್ಮ ಮನೆಯಲ್ಲಿ ಕುರಿಗಳಿವೆ. ಬೇಸಿಗೆಯಲ್ಲಿ ನೀರು ಕಡಿಮೆ. ನಾನು ನಡೆದು ಶಾಲೆಗೆ ಬರುತ್ತೇನೆ. ನಮ್ಮ ಊರೆಂದರೆ ನನಗೆ ಇಷ್ಟ. ಇಷ್ಟೇ. ಓದಮ್ಮ ಎಂದೆ.

ಅವಳು ನಿಧಾನವಾಗಿ ಓದಿದಳು. ಯಾರೂ ಕೇಳದಿದ್ದರೂ ಪ್ರತಿ ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಹೇಳುತ್ತಾ ಹೋದಳು. ಒಂದೂ ತಪ್ಪಲಿಲ್ಲ.

"ಹಿಂಗ್ ಬರುದ್ರೂ ಮಾರ್ಕ್ಸ್ ಕೊಡ್ತಿದ್ರಾ ಸಾರ್?"

"ಕೊಡ್ತಿದ್ರಮ್ಮ."

"ಇದು ನಂಗೆ ಬರ್ತಿತ್ತಲ್ಲ ಸಾರ್."

ಹೊರಗೆ ಕಾಯುತ್ತಿದ್ದ ಅಣ್ಣ ಹೊತ್ತಾಯಿತೆಂದು ಕೂಗಿದ. ಅವಳು ಅಂಕಪಟ್ಟಿಯನ್ನು ಮಡಿಸಿಕೊಂಡು, ಆ ಹಾಳೆಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದಳು.