ಕ್ಷೌರಿಕನ ಬಾಯಿಗೆ ಬಿದ್ದ ಬೀಗ

ನಮ್ಮ ಬೀದಿಯ ಕ್ಷೌರಿಕ ಕತ್ತರಿ ಹಿಡಿದ ಮಹಾರಥಿ. ಆದರೆ ಅವನ ನಿಜವಾದ ಅಸ್ತ್ರ ನಾಲಿಗೆ. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದನೆಂದರೆ, ಸುತ್ತಲಿನ ಬೀದಿಗಳ ಸುದ್ದಿಗೆಲ್ಲ ಉಪ್ಪುಖಾರ ಹಚ್ಚಿ ಬಡಿಸುತ್ತಿದ್ದ. ಅಂಥವನು ಬರಬರುತ್ತಾ ಮೌನಿಯಾದ. ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಪಕ್ಕದಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದ ಅಕ್ಕನಿಗೆ ಒಂದು ದಿನ ಹೇಳಿದ: "ಅಂಗಡಿ ಮಾರಿಬಿಡ್ತೀನಿ ಅಕ್ಕಾ, ಕೈಯೇ ಓಡ್ತಿಲ್ಲ."

ಗಿರಾಕಿಗಳ ಕರುಳು ಚುರ್ರೆಂದಿತು. ಅವನನ್ನು ಒಂಟಿಯಾಗಿ ಬಿಡಬಾರದೆಂದು, ಅಂಗಡಿ ಖಾಲಿಯಿರುವ ಮಧ್ಯಾಹ್ನದ ಹೊತ್ತಿಗೇ ದಂಡೆತ್ತಿ ಬರತೊಡಗಿದರು. ಬೆಳಿಗ್ಗೆ ಮನೆಯಲ್ಲೇ ಗಡ್ಡ ಬೋಳಿಸಿಕೊಂಡವರೂ ಮತ್ತೆ ಕೆನ್ನೆ ಒಡ್ಡಿದರು. ತಲೆಯ ಮೇಲೆ ಒಂದೆಳೆಯೂ ಇಲ್ಲದ ನಿವೃತ್ತ ಮೇಷ್ಟ್ರು, "ಸ್ವಲ್ಪ ಟ್ರಿಮ್ ಮಾಡಪ್ಪಾ," ಎಂದು ಗಂಭೀರವಾಗಿ ಕೂತರು.

ಆದರೂ ಬಾಯಿ ಬಿಡದ ತಮ್ಮನನ್ನು ಅಕ್ಕ ವೈದ್ಯೆಯ ಬಳಿಗೆ ಎಳೆದೊಯ್ದಳು. ಮಾತ್ರೆ ಬರೆದ ವೈದ್ಯೆ, "ಮಧ್ಯಾಹ್ನ ಏನು ತಿಂತೀರಿ?" ಎಂದರು.

"ಟೀ, ಬಿಸ್ಕತ್ತು. ಮೊದ್ಲು ಊಟ ಸೇರ್ತಿರಲಿಲ್ಲ. ಈಗ ಕುರ್ಚಿಯೇ ಖಾಲಿಯಾಗಲ್ಲ."

"ಊಟ ಒಂದರಿಂದಲೇ ಈ ಕಾಯಿಲೆ ವಾಸಿಯಾಗಲ್ಲ. ಆದ್ರೆ ಹೊಟ್ಟೆ ಖಾಲಿಯಿದ್ರೆ ಮನಸ್ಸು ಇನ್ನೂ ಕುಸಿಯುತ್ತೆ. ಮಾತ್ರೆ ಬಿಡಬೇಡಿ, ಊಟಾನೂ ಬಿಡಬೇಡಿ."

ಅಕ್ಕನಿಗೆ ಜ್ಞಾನೋದಯವಾಯಿತು. ಕಾಪಾಡಲು ಬಂದ ಸೇನೆಯೇ ತಮ್ಮನನ್ನು ಉಪವಾಸ ಕೆಡವಿತ್ತು! ಮರುದಿನ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದವಳೇ ತಮ್ಮನ ಕೈಗೆ ಊಟದ ಡಬ್ಬಿ ಕೊಟ್ಟು, ಕ್ಷೌರದ ಕುರ್ಚಿಯನ್ನೇರಿ ಸಾಮ್ರಾಜ್ಞಿಯಂತೆ ಕೂತಳು.

ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ನೀನೂ ಕಟಿಂಗ್ ಮಾಡಿಸ್ತೀಯಾ?"

"ಹೂಂ ಮೇಷ್ಟ್ರೇ, ನಿಮ್ಮಷ್ಟೇ ಅರ್ಜೆಂಟು. ಇವನು ಡಬ್ಬಿ ಖಾಲಿ ಮಾಡೋವರೆಗೂ ನಾನು ಏಳಲ್ಲ."

ದಿನವೂ ಅದೇ ಮುತ್ತಿಗೆ. ಡಬ್ಬಿಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ, ಒಂದು ಹಣ್ಣು. ಮೊದಮೊದಲು ಎರಡು ತುತ್ತಿಗೇ ಮುಚ್ಚಳ ಹಾಕುತ್ತಿದ್ದ. ಅಕ್ಕ ಕೂತಲ್ಲಿಂದಲೇ ಕಣ್ಣು ಕೆಕ್ಕರಿಸುತ್ತಿದ್ದಳು. ಮಾತ್ರೆಯೂ ತಪ್ಪಲಿಲ್ಲ. ವಾರಗಳು ಕಳೆದವು. ನಿದ್ದೆ ಹತ್ತತೊಡಗಿತು, ಕತ್ತರಿಯ ಲಯ ಮರಳಿತು. ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದವನು, ಮೇಷ್ಟ್ರ ಕೊರಳಿಗೆ ಬಟ್ಟೆ ಕಟ್ಟಿ ಆ ನುಣುಪು ತಲೆಯನ್ನು ಬಹಳ ಹೊತ್ತು ದಿಟ್ಟಿಸಿದ.

"ಮೇಷ್ಟ್ರೇ, ಇಲ್ಲಿ ಕತ್ತರಿಗೇನೂ ಕೆಲಸ ಇಲ್ಲ. ಅಕ್ಕನ್ನ ಕರೀಲಾ? ಇಸ್ತ್ರಿ ಹಾಕಿಕೊಡ್ತಾಳೆ."

ಕಾಯುತ್ತಿದ್ದವರೆಲ್ಲ ಹೋ ಎಂದು ಕೂಗಿದರು. ಮೇಷ್ಟ್ರು ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ಬೈಯಪ್ಪಾ, ಇನ್ನೊಂದಿಷ್ಟು ಬೈಯಿ," ಎಂದರು.