ಸಿಸ್ಟರ್ ಓದಿದ ಗುಳಿಗೆ ಚೀಟಿ

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ಉಗುರು ಅಡ್ಡಕ್ಕೆ ಸೀಳಿತ್ತು. ಇಂಜೆಕ್ಷನ್ ಬಾಟಲಿಗಳ ಕತ್ತು ಮುರಿದು ಮುರಿದು ಹಾಗಾಗಿತ್ತಂತೆ. ಆ ಕೈ ನನ್ನ ನಾಡಿ ಹಿಡಿದರೆ ಸಾಕು, ಅರ್ಧ ಕಾಯಿಲೆ ಇಳಿಯುತ್ತಿತ್ತು. ಉಳಿದರ್ಧವನ್ನು ನಾನು ಮರುದಿನ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದೆ.

ಹಳಿಯಾಳದ ನಮ್ಮ ಓಣಿಯಲ್ಲಿ ಸಿಸ್ಟರ್ ಇದ್ದ ಸಣ್ಣ ದವಾಖಾನೆಗೆ ಹನ್ನೆರಡು ವರ್ಷ ಹೀಗೇ ಓಡಾಡಿದೆ. ಎದೆ ಹಿಡಿದಂತಾದರೂ, ಕಿವಿ ಗುಂಯ್ಗುಟ್ಟಿದರೂ ಅವರು ನಗದೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದರು. "ಅಣ್ಣಾರ, ಮುಂದಿನ ವಾರದ ಜಡ್ಡೂ ಈಗ ಹೇಳಿಬಿಡ್ರಿ, ಒಮ್ಮೆಲೇ ನೋಡೂಣು" ಎಂದು ಮಾತ್ರ ಅನ್ನುತ್ತಿದ್ದರು.

ಆಮೇಲೆ ರೋಗದ ಚಿಂತೆ ನಿದ್ದೆಯನ್ನೂ ತಿನ್ನತೊಡಗಿ, ಧಾರವಾಡದ ಮನೋವೈದ್ಯರ ಗುಳಿಗೆ ಶುರುವಾಯಿತು. ಸಿಸ್ಟರಿಗೆ ಹೇಳಿರಲಿಲ್ಲ.

ಒಂದು ಮುಂಜಾನೆ ಹೊಟ್ಟೆಯ ಬಲಗಡೆ ನಿಜವಾದ ನೋವು ಬಂತು. ಹೆಂಡತಿ ದವಾಖಾನೆಗೆ ಕರೆತಂದಳು. ಯಾವ ಗುಳಿಗೆ ನಡೆದಿವೆ ಎಂದು ಸಿಸ್ಟರ್ ಕೇಳಿದಾಗ ಧಾರವಾಡದ ಚೀಟಿ ಕೊಟ್ಟೆ. ಓದಿದರು. ಮಡಚಿದರು. ನನ್ನನ್ನು ಬಿಟ್ಟು ನನ್ನ ಹೆಂಡತಿಯತ್ತ ತಿರುಗಿ, "ಅಕ್ಕಾರ, ಇವ್ರಿಗೆ ಯಾವಾಗಿಂದ ನೋವೈತ್ರಿ?" ಎಂದರು.

"ಅವ್ರನ್ನ ಕೇಳ್ರಿ. ಹೊಟ್ಟಿ ಅವ್ರದು," ಎಂದಳು ಹೆಂಡತಿ.

"ಈ ಗುಳಿಗಿ ನುಂಗೋರಿಗೆ ಹಿಂಗ ಅನಸ್ತೈತ್ರಿ. ಡಾಕ್ಟರ್ ಬರೂತನಕ ಬೆಂಚಿನ ಮ್ಯಾಲ ಮಲಗಿಸ್ರಿ, ತಾನ ಹೋಗ್ತೈತಿ," ಎಂದರು ಸಿಸ್ಟರ್.

ನನ್ನ ಇಲ್ಲದ ರೋಗಗಳನ್ನೆಲ್ಲ ನಂಬಿದವರು ಇದ್ದ ಒಂದನ್ನು ನಂಬಲಿಲ್ಲ. ತಮಾಷೆಯೆಂದರೆ, ಅವರು ಹಾಗೆಂದ ಮೇಲೆ ನನಗೂ ನನ್ನ ನೋವಿನ ಮೇಲೆ ಅನುಮಾನ ಬಂತು. ಎರಡು ತಾಸು ಬಾಯಿಮುಚ್ಚಿಕೊಂಡು ಬಿದ್ದಿದ್ದೆ. ವಾಂತಿಯಾದಾಗ ಅವರೇ ಬಂದು ಹೊಟ್ಟೆ ಒತ್ತಿ ತಟ್ಟನೆ ಕೈ ತೆಗೆದರು, ನಾನು ಚೀರಿದೆ. ಕೂಡಲೇ ಅವರು ಡಾಕ್ಟರಿಗೆ ಫೋನು ಮಾಡಿ, ಗಾಡಿ ಕರೆಸಿ, ಧಾರವಾಡದವರೆಗೂ ಸಲೈನ್ ಬಾಟಲಿ ಎತ್ತಿ ಹಿಡಿದು ಕೂತರು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ.

ದಾರಿಯಲ್ಲಿ ಸಿಸ್ಟರ್ ಆಡಿದ್ದು ಒಂದೇ ಮಾತು: "ನಮ್ಮ ತಂಗಿಗೂ ತಾನ ಹೋಗ್ತೈತಿ ಅಂದಿದ್ನಿರಿ."

ತಂಗಿಗೆ ಏನಾಯಿತು? ನನಗೇನಾದೀತೋ ಎಂದು ಹಗಲಿರುಳು ಚಿಂತಿಸುವ ನಾನು ಅದೊಂದನ್ನು ಕೇಳಲಿಲ್ಲ.

ಕಳೆದ ವರ್ಷ ಸಿಸ್ಟರ್ ತೀರಿಕೊಂಡರು. ಮನೆಗೆ ಹೋದಾಗ ಅವರ ಯಜಮಾನರು, "ನಿಮ್ಮ ಸುದ್ದಿ ಭಾಳ ತಗೀತಿದ್ಲರಿ," ಎಂದರು. ಯಾವ ಸುದ್ದಿ? ಗುಳಿಗೆಯದೋ, ಹೊಟ್ಟೆಯದೋ? ಬೆಂಚಿಗೆ ಹಾಕಿದವರೂ ಬದುಕಿಸಿದವರೂ ಒಬ್ಬರೇ. ಯಾರ ಮೇಲೆ ಸಿಟ್ಟಾಗಲಿ, ಯಾರಿಗೆ ಕೈಮುಗಿಯಲಿ? ಕೈ ಮಾತ್ರ ತಾನಾಗಿ ಮುಗಿಯಿತು.

ಈಗ ಯಾವ ದವಾಖಾನೆಗೆ ಹೋದರೂ ಮೊದಲು ನೋವೆಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ. ಅಲ್ಲಿಯವರು ಅದನ್ನು ಬರೆದುಕೊಂಡ ಮೇಲೆಯೇ ಗುಳಿಗೆ ಚೀಟಿ ಹೊರಗೆ ತೆಗೆಯುತ್ತೇನೆ. ಅದನ್ನು ಕಲಿಸಿದವರೂ ಸಿಸ್ಟರೇ.